ಒಂದು ಸಾಲಿನ ಪ್ರಶ್ನೆ

ಅತ್ತೆಗೆ ಕುರಾನಿನ ಸೂರಾಗಳು ಮರೆತಿರಲಿಲ್ಲ. ಮಗನ ಹೆಸರು ಮರೆತಿತ್ತು. ಸೊಸೆಯನ್ನು ಕೆಲವು ದಿನ ತಂಗಿ ಎಂದು, ಕೆಲವು ದಿನ ನರ್ಸಮ್ಮ ಎಂದು ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ತೀರಿಹೋದ ಗಂಡ ಇನ್ನೂ ಯಾಕೆ ಮನೆಗೆ ಬರಲಿಲ್ಲ ಎಂದು ಬಾಗಿಲ ಕಡೆ ಕಣ್ಣಿಟ್ಟಿರುತ್ತಿದ್ದರು. ಆದರೆ ಏಳು ವರ್ಷದ ಹುಡುಗಿಯಾಗಿದ್ದಾಗ ಕಲಿತ ಸೂರಾಗಳಲ್ಲಿ ಒಂದಕ್ಷರವೂ ಜಾರುತ್ತಿರಲಿಲ್ಲ. ಜಾರುತ್ತಿದ್ದದ್ದು ಎಣಿಕೆ. ನಾಲ್ಕು ರಕಾತಿನ, ಅಂದರೆ ನಾಲ್ಕು ಸುತ್ತಿನ, ನಮಾಜಿಗೆ ನಿಂತರೆ ಎರಡಾಯಿತೋ ಮೂರಾಯಿತೋ ತಿಳಿಯದು. ನಿಂತವರು ಬಾಗಿ, ಬಾಗಿದವರು ನೆಲಕ್ಕೆ ಹಣೆಯಿಟ್ಟು, ಮತ್ತೆ ಎದ್ದು, ಮತ್ತೆ ಬಾಗಿ, ದಡ ಕಾಣದ ದೋಣಿಯ ಹಾಗೆ ಸುತ್ತುತ್ತಿದ್ದರು. ಒಮ್ಮೆ ಸೊಸೆ ಕೆಲಸದಿಂದ ಬಂದು ಬಾಗಿಲು ತೆಗೆದಾಗ ಒಂಬತ್ತನೆಯದೋ ಹತ್ತನೆಯದೋ ರಕಾತಿನಲ್ಲಿದ್ದರು. ತುಟಿ ಬಿಳಿಚಿತ್ತು, ಕಾಲು ನಡುಗುತ್ತಿತ್ತು, ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಕಣ್ಣಲ್ಲಿ ನೀರು ತುಂಬಿತ್ತು.

ಅಂದಿನಿಂದ ಸೊಸೆ ಚಾಪೆಯ ಪಕ್ಕದಲ್ಲಿ ಕೂತು ಹೇಳಿಕೊಡತೊಡಗಿದಳು.

"ಎರಡಾಯ್ತು ಅತ್ತೆ. ಕೂತ್ಕೊಳ್ಳಿ. ಅತ್ತಹಿಯಾತ್ ಓದಿ. ಹಾಂ, ಈಗ ಏಳಿ. ಇದು ಮೂರನೇದು."

ಅತ್ತೆ ಕೂತರು, ಓದಿದರು, ಎದ್ದರು. ನಾಲ್ಕು ಮುಗಿದು ಸಲಾಂ ಹೇಳಿ ಮುಖ ತಿರುಗಿಸಿದಾಗ ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ನೆಮ್ಮದಿ. ಅದನ್ನು ನೋಡಿದ ಸೊಸೆ ಆ ಕೆಲಸಕ್ಕೆ ಸಿಕ್ಕಿಬಿದ್ದಳು. ದಿನಕ್ಕೆ ಐದು ಸಲ, ವರ್ಷ ಎರಡಾಯಿತು.

ಅವಳ ಕೆಲಸ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕು. ಬಿಸಿ ಉರುಳೆಯ ಒಂದು ಕಡೆಯಿಂದ ಒದ್ದೆ ಬಟ್ಟೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಗರಿಗರಿಯಾಗಿ ಬರುತ್ತದೆ. ಹೊರಬಂದದ್ದನ್ನು ಇಬ್ಬರು ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು ಮಡಚಬೇಕು. ಒಬ್ಬಳು ಇಲ್ಲದಿದ್ದರೆ ಇನ್ನೊಬ್ಬಳ ಕೈ ಕಟ್ಟಿದ ಹಾಗೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಮನೆಗೆ ಎಂಟು ನಿಮಿಷದ ನಡಿಗೆ, ಹಿಂದಕ್ಕೆ ಎಂಟು ನಿಮಿಷ. ನಡುವೆ ಅತ್ತೆಗೆ ಕೈಕಾಲು ಮುಖ ತೊಳೆಸಿ ವುಜೂ ಮಾಡಿಸಿ, ಜೊಹರ್ ನಮಾಜು ಎಣಿಸಿಕೊಟ್ಟು, ತಾನೂ ನಾಲ್ಕು ರಕಾತು ಮುಗಿಸಿ ಓಡಿ ಬರಬೇಕು. ಊಟದ ಡಬ್ಬಿ ಲಾಂಡ್ರಿಯ ಕಿಟಕಿಯಲ್ಲೇ ತಣ್ಣಗಾಗುತ್ತಿತ್ತು. ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದಳು.

ಅವಳ ಎದುರಿಗೆ ನಿಂತು ಮಡಚುವವಳಿಗೆ ಎಲ್ಲರೂ ಇಟ್ಟ ಹೆಸರು ಉದ್ದಕ್ಕ. "ನೋಡು, ನಿನ್ನ ಕಡೆಯ ಮೂಲೆ ದಿನಾ ಕೆಳಗೆ ಇಳೀತಿದೆ," ಎಂದು ಉದ್ದಕ್ಕ ಒಂದು ದಿನ ಹೇಳಿದಳು. "ಮೊದಲು ನಾನು ಉದ್ದ ಇರೋದಕ್ಕೆ ಅಂದ್ಕೊಂಡೆ. ಅಲ್ಲ ಕಣೆ, ನೀನು ಕುಗ್ತಾ ಇದ್ದೀಯ. ಇನ್ನೆರಡು ವರ್ಷ ಬಿಟ್ಟು ನಿನ್ನ ಹುಡುಕೋಕೆ ಬಟ್ಟೆ ಕೊಡವಿ ನೋಡ್ಬೇಕಾಗತ್ತೆ."

ಸೊಸೆ ನಕ್ಕಳು. ನಗುವುದಕ್ಕೂ ಒಂದಿಷ್ಟು ಬಲ ಬೇಕು, ಅದು ಅಂದು ಇತ್ತು. ಗಂಡ ಲಾರಿ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಬಂದು, ಅಮ್ಮನ ಕಾಲು ಒತ್ತಿ, ಎರಡು ದಿನ ಮಲಗಿ ಹೊರಡುತ್ತಿದ್ದ. ಅವನ ಮೇಲೆ ಕೋಪವಿರಲಿಲ್ಲ. ಕೋಪಕ್ಕೂ ಬಲ ಬೇಕು.

ಹೀಗಿರುವಾಗ ಒಂದು ಸಂಜೆ ಪಕ್ಕದ ಮನೆಯ ಫತ್ವಾ ಚಿಕ್ಕಮ್ಮ ಸೂಜಿ ಕೇಳಲು ಬಂದರು. ಯಾವ ಪ್ರಶ್ನೆಗೂ ಇಲ್ಲ ಎನ್ನದೆ ಉತ್ತರ ಕೊಡುತ್ತಿದ್ದುದರಿಂದ ಅವರಿಗೆ ಆ ಹೆಸರು. ಕೆಟ್ಟ ಮನಸ್ಸಿನವರಲ್ಲ. ಆದರೆ ಬೇರೆಯವರ ಮನೆಯ ಪಾತ್ರೆಗೆ ತಮ್ಮ ಸೌಟು ಹಾಕದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ಸೊಸೆ ಎಣಿಸುವುದನ್ನೂ ಅತ್ತೆ ಏಳುವುದನ್ನೂ ಪೂರ್ತಿ ನೋಡಿದರು.

"ಏನೇ ಇದು?" ಎಂದರು ಪಿಸುಮಾತಿನಲ್ಲಿ. ಅವರ ಪಿಸುಮಾತು ಬೀದಿಗೆ ಕೇಳಿಸುತ್ತಿತ್ತು. "ನಮಾಜಲ್ಲಿ ಇರೋರಿಗೆ ಹೊರಗೆ ಕೂತೋರು ಹೇಳ್ಕೊಡ್ತಾರಾ? ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳಿಲ್ಲ ಚಿಕ್ಕಮ್ಮ. ಎಣಿಕೆ ತಪ್ತಾರೆ, ಅದಕ್ಕೆ."

"ತಪ್ಪಿದ್ರೆ ಅದಕ್ಕೆ ಬೇರೆ ದಾರಿ ಇದೆ. ನಂಗೆ ತಿಳಿದಿರೋ ಮಟ್ಟಿಗೆ ಹೀಗೆ ಮಾಡಿದ್ರೆ ನಮಾಜೇ ಮುರೀತದೆ. ಎರಡು ವರ್ಷದಿಂದ ಮಾಡ್ತಿದ್ದೀಯಾ? ಯಾ ಅಲ್ಲಾ! ಹೋಗಿ ಚೀಟಿ ಹಾಕು. ನಾನು ಹೇಳಿದ್ದೇ ಸರಿ ಅಂತ ನಾನು ಹೇಳಲ್ಲ. ಇಮಾಮರೇ ಹೇಳಲಿ."

ಮಸೀದಿಯಲ್ಲಿ ಹೆಂಗಸರ ಬಾಗಿಲ ಪಕ್ಕ ಒಂದು ತಗಡಿನ ಡಬ್ಬಿಯಿತ್ತು. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಕಿದರೆ ಗುರುವಾರ ಸಂಜೆಯ ಅಸರ್ ನಮಾಜಿನ ನಂತರ ಇಮಾಮರು ಪರದೆಯ ಆ ಕಡೆ ಕೂತು ಒಂದೊಂದಾಗಿ ಓದಿ ಉತ್ತರಿಸುವರು. ಡಬ್ಬಿಯ ಮೇಲೆ ಬರೆದಿತ್ತು: ಒಂದು ಪ್ರಶ್ನೆ, ಒಂದು ಸಾಲು, ಹೆಸರು ಬೇಡ, ಮನೆಯ ಕಥೆ ಬೇಡ. ಈ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಯಾರೋ ತಮ್ಮ ಮನೆಯ ಜಗಳವನ್ನೆಲ್ಲ ಬರೆದು ಹಾಕಿದ್ದರು. ಇಮಾಮರು ಅರ್ಧ ಓದುವಷ್ಟರಲ್ಲಿ ಪರದೆಯ ಈಚೆಗಿನ ಮೂವತ್ತು ಹೆಂಗಸರಿಗೂ ಅದು ಯಾರ ಮನೆ ಎಂದು ಗೊತ್ತಾಗಿಹೋಗಿತ್ತು.

ಸೊಸೆ ನಿಯಮ ಪಾಲಿಸಿದಳು. ಲಾಂಡ್ರಿಯ ಹಾಸುಬಟ್ಟೆಯ ಲೇಬಲ್ ಹಿಂದೆ ಬರೆದಳು: "ನಮಾಜು ಮಾಡುವವರಿಗೆ ಪಕ್ಕದಲ್ಲಿ ಕೂತವರು ರಕಾತು ಹೇಳಿಕೊಟ್ಟರೆ ನಮಾಜು ಆಗುತ್ತದೆಯೇ?" ಒಂದೇ ಸಾಲು. ಅತ್ತೆಯ ಸುದ್ದಿ ಇಲ್ಲ, ಕಾಯಿಲೆಯ ಸುದ್ದಿ ಇಲ್ಲ. ಅದೆಲ್ಲ ಮನೆಯ ಕಥೆ.

ಗುರುವಾರ ಇಮಾಮರ ಗಂಟಲು ಕಟ್ಟಿತ್ತು. ಕೇಳುವವರು ನೂರು, ಗಂಟಲು ಒಂದು. ಒಂದು ಚೀಟಿ, ಉಗುರಿಗೆ ಬಣ್ಣ ಹಚ್ಚಿದ್ದರೆ ವುಜೂ ಆಗುತ್ತದೆಯೇ. ನೀರು ಉಗುರಿಗೆ ತಾಗಬೇಕಮ್ಮ, ತೆಗೆದು ಮಾಡಿ. ಇನ್ನೊಂದು, ಉಪವಾಸವಿದ್ದಾಗ ಮರೆತು ನೀರು ಕುಡಿದರೆ. ಮರೆತು ಕುಡಿದದ್ದು ಅಲ್ಲಾಹನೇ ಕುಡಿಸಿದ್ದು, ಉಪವಾಸ ಮುಂದುವರಿಸಿ. ಇನ್ನೊಂದು, ಬೆಕ್ಕು ಬಂದು ನಮಾಜಿನ ಚಾಪೆಯ ಮೇಲೆ ಮಲಗುತ್ತದೆ. "ಮಲಗಲಿ," ಎಂದರು ಇಮಾಮರು. "ಅದಾದರೂ ಮಲಗಲಿ." ಹೆಂಗಸರು ನಕ್ಕರು. ಅವರು ಕೆಮ್ಮಿ, ಬಿಸಿನೀರು ಕುಡಿದು, ಲೇಬಲ್ಲಿನ ಚೀಟಿ ಎತ್ತಿಕೊಂಡರು.

"ನಮಾಜಿನ ಹೊರಗೆ ಇರುವವರು ಹೇಳಿಕೊಟ್ಟು, ಒಳಗಿರುವವರು ಅದರಂತೆ ನಡೆದರೆ ನಮಾಜು ಮುರಿಯುತ್ತದೆ. ಮತ್ತೆ ಮಾಡಬೇಕು. ಮುಂದಿನದು."

ಮುಂದಿನ ಚೀಟಿ ಏನೆಂದು ಸೊಸೆಗೆ ಕೇಳಿಸಲಿಲ್ಲ. ದಿನಕ್ಕೆ ಐದು, ಎರಡು ವರ್ಷ. ಬೆರಳಲ್ಲಿ ಎಣಿಸಲು ಹೋಗಿ ಬಿಟ್ಟಳು. ಆ ಮುದುಕಿಗೆ ಉಳಿದಿದ್ದದ್ದು ಅದೊಂದೇ. ಅದನ್ನೂ ತಾನೇ ಪಕ್ಕದಲ್ಲಿ ಕೂತು, ಪ್ರೀತಿಯಿಂದ, ದಿನಾ ಮುರಿಯುತ್ತ ಬಂದಿದ್ದಳು. ಪಕ್ಕದಲ್ಲಿದ್ದ ಫತ್ವಾ ಚಿಕ್ಕಮ್ಮ ಗೆದ್ದವರಂತೆ ನೋಡಲಿಲ್ಲ. ಅವಳ ಕೈ ಹಿಡಿದುಕೊಂಡು, "ಗೊತ್ತಿಲ್ದೆ ಆದದ್ದು ಬಿಡು," ಎಂದರು. ಅದರಿಂದ ಇನ್ನೂ ಕಷ್ಟವಾಯಿತು.

ಅಂದು ಸೂರ್ಯ ಮುಳುಗಿ ಮಗ್ರಿಬಿಗೆ ಅತ್ತೆ ಚಾಪೆಯ ಮೇಲೆ ನಿಂತಾಗ ಸೊಸೆ ಬಾಯಿ ಬಿಗಿಹಿಡಿದು ಗೋಡೆಗೆ ಒರಗಿ ಕೂತಳು. ಅತ್ತೆ ಒಂದು ರಕಾತು ಮುಗಿಸಿದರು. ಎರಡನೆಯದನ್ನು ಮುಗಿಸಿ, ಕೂರಬೇಕೋ ಏಳಬೇಕೋ ತಿಳಿಯದೆ, ಅರ್ಧ ಎದ್ದು ಹಾಗೇ ತಡೆದರು. ಧ್ವನಿಗಾಗಿ ಕಾಯುತ್ತಿದ್ದಾರೆ ಎಂದು ಸೊಸೆಗೆ ಗೊತ್ತಾಯಿತು. ಕತ್ತಲಲ್ಲಿ ಕೈ ಚಾಚಿ ಗೋಡೆ ಹುಡುಕುವವರ ಹಾಗೆ ಅವರ ಕಿವಿ ಹುಡುಕುತ್ತಿತ್ತು. ಧ್ವನಿ ಬರಲಿಲ್ಲ. ಅತ್ತೆ ಎದ್ದರು, ಬಾಗಿದರು, ಮತ್ತೆ ಎದ್ದರು. ಆರನೆಯ ರಕಾತಿಗೆ ಸೊಸೆ ಎದ್ದುಹೋಗಿ ಅವರನ್ನು ತಬ್ಬಿ ಕೂರಿಸಿದಳು.

"ಮುಗೀತಾ?" ಎಂದರು ಅತ್ತೆ.

"ಮುಗೀತು ಅತ್ತೆ."

ಮಾರನೆಯ ದಿನ ಮಧ್ಯಾಹ್ನ ಬಂದಾಗ ಅತ್ತೆ ಮಂಚದ ಅಂಚಿನಲ್ಲಿ ಕೂತಿದ್ದರು. "ನಾನು ಜೊಹರ್ ಮಾಡಿದ್ನಾ?" ಎಂದು ಕೇಳಿದರು. ಈ ಪ್ರಶ್ನೆ ದಿನಾ ಕೇಳುವುದೇ. ಸೊಸೆಯ ಬೆನ್ನಿನ ಮೇಲೆ ಬೆಳಗಿನ ನಾನೂರು ಹಾಸುಬಟ್ಟೆಗಳಿದ್ದವು. ಹೇಳಿಕೊಟ್ಟರೆ ಮುರಿಯುತ್ತದೆ, ಹೇಳಿಕೊಡದಿದ್ದರೆ ಮುಗಿಯುವುದಿಲ್ಲ.

"ಹೂಂ ಅತ್ತೆ, ಮಾಡಿದ್ರಿ. ಈಗಷ್ಟೇ."

"ಅಲ್‌ಹಮ್ದುಲಿಲ್ಲಾ," ಎಂದು ಅತ್ತೆ ಒರಗಿಕೊಂಡರು.

ಅಷ್ಟು ಸುಲಭವಾಗಿತ್ತು. ಸೊಸೆ ತನ್ನ ನಮಾಜು ಮಾಡಿ, ಲಾಂಡ್ರಿಗೆ ಹೋಗಿ, ಎರಡು ವರ್ಷದಲ್ಲಿ ಮೊದಲ ಸಲ ಕೂತು ಉಂಡಳು. ಉದ್ದಕ್ಕ, "ಏನು, ಇವತ್ತು ನಿನ್ನ ಮೂಲೆ ನನ್ನ ಮೂಲೆಗಿಂತ ಮೇಲಿದೆ!" ಎಂದಳು. ಉಳಿದ ಹೊತ್ತಿನ ನಮಾಜುಗಳಿಗೂ, ಮಾರನೆಯ ದಿನವೂ ಅದೇ ಮಾತು, ಅದೇ ಅಲ್‌ಹಮ್ದುಲಿಲ್ಲಾ. ಮೊದಲ ಸುಳ್ಳಿಗೆ ನಾಲಿಗೆ ಎಡವುತ್ತದೆ, ಮೂರನೆಯದಕ್ಕೆ ದಾರಿ ತಾನಾಗಿ ಸವೆದಿರುತ್ತದೆ.

ಐದನೆಯ ದಿನ ಅತ್ತೆ ಒರಗಿಕೊಳ್ಳಲಿಲ್ಲ. ಬಗ್ಗಿ, ತಮ್ಮ ಕಾಲ್ಬೆರಳುಗಳ ಸಂದಿಯಲ್ಲಿ ಒಂದೊಂದಾಗಿ ಬೆರಳು ಆಡಿಸಿ ನೋಡಿದರು.

"ಒಣಗಿದೆ," ಎಂದರು. "ವುಜೂ ಮಾಡಿದ್ರೆ ಇಲ್ಲಿ ತೇವ ಇರ್ತಿತ್ತು. ಈಗಷ್ಟೇ ಅಂದ್ಯಲ್ಲ."

ಅತ್ತೆ ತಲೆಯೆತ್ತಿ ನೋಡಿದರು. ಮಂಜು ಸರಿದು ಅಂಗಳ ಕಾಣಿಸಿದ ಹಾಗೆ, ಅಪರೂಪಕ್ಕೆ ಅವರ ಕಣ್ಣು ತಿಳಿಯಾಗುತ್ತಿತ್ತು. ಆಗ ಅವರು ಹಳೆಯ ಅತ್ತೆ. ಈ ಮನೆಗೆ ಬಂದಾಗ ಸೊಸೆಗೆ ಸೌದೆ ಒಲೆಗೂ ಗಂಡನ ಸಿಟ್ಟಿಗೂ ಊದುವ ರೀತಿ ಕಲಿಸಿಕೊಟ್ಟವರು.

"ನೋಡು ಮಗಾ. ನನ್ನ ತಲೆ ಕೆಟ್ಟಿದೆ ಅಂತ ನಂಗೆ ಗೊತ್ತು. ಅವ್ರು ಬರ್ತಾರೆ, ದಾರೀಲಿದ್ದಾರೆ ಅಂತ ನೀನು ಹೇಳ್ತೀಯಲ್ಲ, ಅದೂ ಸುಳ್ಳು ಅಂತ ಒಂದೊಂದ್ಸಲ ಗೊತ್ತಾಗತ್ತೆ. ಅದು ಹೇಳು, ಪರವಾಗಿಲ್ಲ. ಗುಳಿಗೆ ಸಿಹಿ ಇದೆ ಅಂತ ಹೇಳು. ಏನ್ ಬೇಕಾದ್ರೂ ಹೇಳು. ನನ್ನ ಮತ್ತೆ ಮೇಲಿರೋ ಅವನ ಮಧ್ಯದ ವಿಷಯದಲ್ಲಿ ಮಾತ್ರ ಬೇಡ."

ಅಷ್ಟು ಹೇಳಿ, ಬಾಗಿಲ ಕಡೆ ತಿರುಗಿ, "ಇನ್ನೂ ಬರಲಿಲ್ವಲ್ಲ," ಎಂದರು.

ಸೊಸೆ ಅಂದು ಲಾಂಡ್ರಿಗೆ ಮರಳಲಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿ, "ಚಿಕ್ಕಮ್ಮ, ಸ್ವಲ್ಪ ಹೊತ್ತು ಅತ್ತೆ ಹತ್ರ ಕೂತ್ಕೊಳ್ಳಿ," ಎಂದು ಹೇಳಿ ಮಸೀದಿಗೆ ನಡೆದಳು. ಅದು ಗುರುವಾರವಲ್ಲ. ಕೈಯಲ್ಲಿ ಚೀಟಿಯಿರಲಿಲ್ಲ.

ಇಮಾಮರು ಪಕ್ಕದ ಚಿಕ್ಕ ಕೋಣೆಯಲ್ಲಿ ಕಿತ್ತುಹೋದ ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚುತ್ತಿದ್ದರು. ಕೊರಳಿಗೆ ಸುತ್ತಿದ ಬಟ್ಟೆ, ಬೆರಳುಗಳಿಗೆಲ್ಲ ಅಂಟು. ಬಾಗಿಲಲ್ಲಿ ನಿಂತ ಹೆಂಗಸನ್ನು ಕಂಡು ಕಣ್ಣು ಕೆಳಗಿಟ್ಟು, "ಗುರುವಾರ ಚೀಟಿ ಹಾಕಮ್ಮ," ಎಂದರು.

"ಹಾಕಿದ್ದೆ ಹಜರತ್. ಅದರಿಂದ್ಲೇ ಬಂದೆ. ಒಂದು ಸಾಲಲ್ಲಿ ಹಿಡಿಸಲ್ಲ ಇದು."

ದನಿಯಲ್ಲಿ ಏನೋ ಇದ್ದಿರಬೇಕು. ಅವರು ಅಂಟಿನ ಕುಂಚ ಕೆಳಗಿಟ್ಟು, ಹೊಸ್ತಿಲ ಪಕ್ಕದ ಕುರ್ಚಿ ತೋರಿಸಿದರು. ಅವಳು ಹೇಳಿದಳು. ಮರೆವು, ಒಂಬತ್ತು ರಕಾತು, ಎರಡು ವರ್ಷದ ಎಣಿಕೆ, ಮುರಿಯುತ್ತದೆ ಎಂಬ ಉತ್ತರ, ಐದು ದಿನದ ಸುಳ್ಳು. ಸುಳ್ಳಿನ ಹತ್ತಿರ ಬಂದಾಗ ಒಮ್ಮೆ ನಿಂತು, ಅದನ್ನೂ ಹೇಳಿದಳು.

ಇಮಾಮರು ಅಂಟಿನ ಬಟ್ಟಲು ಪಕ್ಕಕ್ಕೆ ಸರಿಸಿದರು. "ಆ ಲೇಬಲ್ ಚೀಟಿ ನಿಂದಾ?"

"ಹೂಂ."

"ಅವರಿಗೆ ಕಾಯಿಲೆ ಅಂತ ಯಾಕಮ್ಮ ಬರೀಲಿಲ್ಲ?"

"ಮನೆ ಕಥೆ ಬೇಡ ಅಂತ ನೀವೇ ಬರೆಸಿದ್ದೀರಿ."

ಅವರು ಒಂದು ಸಲ ನಕ್ಕರು, ಆ ನಗು ಕೆಮ್ಮಾಯಿತು. "ನಾನೇ ಬರೆಸಿದ್ದು, ಹೌದು. ನಾಡಿ ನೋಡದೆ ಮದ್ದು ಕೊಟ್ಟೆ." ಎದ್ದು ಕೈ ಒರೆಸಿಕೊಂಡು, ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ನಿಂತೇ ಹಾಳೆ ಮಗುಚಿದರು. ಹುಡುಕಲು ಸಮಯ ಹಿಡಿಯಿತು. ಹೊರಗೆ ಯಾರೋ ವುಜೂ ಮಾಡುವ ನಲ್ಲಿಯ ಸದ್ದು.

"ಇಲ್ಲಿದೆ ನೋಡು. ನಾನು ಹೊಸದಾಗಿ ಹೇಳ್ತಿಲ್ಲ, ನೂರಾರು ವರ್ಷದ ಹಿಂದೆ ದೊಡ್ಡವರು ಬರೆದಿಟ್ಟದ್ದು. ಯಾರೋ ಅವತ್ತೂ ಕೇಳಿರ್ಬೇಕು. ಕಾಯಿಲೆಯವರಿಗೆ ರಕಾತು, ನೆಲಕ್ಕೆ ಹಣೆಯಿಡೋ ಸಜ್ದಾ ಎಣಿಕೆ ಕಲಸಿಹೋಗ್ತಿದ್ರೆ ಅವರ ಮೇಲೆ ನಮಾಜು ಕಡ್ಡಾಯ ಅಲ್ಲ. ಇನ್ನೊಬ್ಬರು ಹೇಳ್ಕೊಟ್ಟು ಮಾಡಿದ್ರೆ, ಆಗತ್ತೆ. ಮೊನ್ನೆ ನಾನು ಹೇಳಿದ್ದು ಎಣಿಕೆ ಬಲ್ಲವರಿಗೆ. ಗುರುವಾರ ಎಲ್ಲರ ಮುಂದೆ ಇದನ್ನೂ ಸೇರಿಸಿ ಹೇಳ್ತೀನಿ."

"ಹಾಗಾದ್ರೆ ಎರಡು ವರ್ಷದ್ದು..."

"ಒಂದೂ ಹೋಗಿಲ್ಲ."

ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇಮಾಮರು ಪುಸ್ತಕದ ಕಡೆ ನೋಡುತ್ತ ನಿಂತರು. ಆಮೇಲೆ ಅವಳು ಕೇಳಿದ್ದು, ಈ ದಾರಿಯುದ್ದಕ್ಕೂ, ಬಹುಶಃ ಈ ಎರಡು ವರ್ಷದುದ್ದಕ್ಕೂ ಕೇಳಬೇಕೆಂದಿದ್ದ ಮಾತು.

"ಕಡ್ಡಾಯ ಅಲ್ಲ ಅಂದ್ರಲ್ಲ. ಹಾಗಾದ್ರೆ ನಾನು ಹೇಳಿಕೊಡ್ದೇ ಇದ್ರೂ... ನನ್ನ ಮೇಲೇನೂ ಇಲ್ವಾ?"

"ಇಲ್ಲ. ಅವರ ಮೇಲಿಂದ್ಲೇ ಎತ್ತಿರೋದನ್ನ ನಿನ್ನ ಮೇಲೆ ಹೊರಿಸೋಕೆ ನಾನು ಯಾರು? ಮಾಡಿಸಿದ್ರೆ ನಿಂಗೆ ಪುಣ್ಯ. ಆಗದಿದ್ರೆ ಪಾಪ ಇಲ್ಲ."

"ಸುಳ್ಳು?"

"ಸುಳ್ಳಿಗೆ ತೌಬಾ ಮಾಡು, ಅವನ ಹತ್ರ ಕ್ಷಮೆ ಕೇಳು, ಮತ್ತೆ ಹೇಳ್ಬೇಡ." ಅವರು ಪುಸ್ತಕ ಮುಚ್ಚಿದರು. "ಸುಸ್ತಿಗೆ ತೌಬಾ ಇಲ್ಲಮ್ಮ. ಅದು ತಪ್ಪಲ್ಲ."

ಮನೆಗೆ ಬರುವಾಗ ಕಾಲು ಹಗುರವಾಗಬೇಕಿತ್ತು. ಹೊತ್ತದ್ದನ್ನು ಇಳಿಸಿದ ಮೇಲೆಯೇ ಹೆಗಲು ನೋಯುವುದು ಎಂಬುದು ಹೊತ್ತವರಿಗೆ ಗೊತ್ತು. ಫತ್ವಾ ಚಿಕ್ಕಮ್ಮ ಅತ್ತೆಯ ಕೂದಲು ಬಾಚುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಹಾಗಾ? ನಂಗೆ ಅರ್ಧ ಗೊತ್ತಿತ್ತು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅರ್ಧ ಗೊತ್ತಿರೋರೇ ಜೋರಾಗಿ ಮಾತಾಡೋದು, ಕ್ಷಮಿಸು ಮಗಳೇ," ಎಂದು ಸೇರಿಸಿ, ಬಾಚಣಿಗೆ ಅವಳ ಕೈಗಿಟ್ಟು ಹೊರಟರು.

ಸೊಸೆ ಅಂದೇ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದಳು. ಮನೆಯಲ್ಲಿರುವಾಗ ನಾಲ್ಕು ಹೊತ್ತು ಹೇಳಿಕೊಡುವುದು. ಮಧ್ಯಾಹ್ನದ್ದು ಬಿಡುವುದು. ಆ ಅರ್ಧ ಗಂಟೆ ಲಾಂಡ್ರಿಯ ಕಿಟಕಿಯ ಪಕ್ಕ ಕೂತು ತನ್ನ ನಮಾಜು ಮಾಡಿ, ತನ್ನ ಊಟ ಉಣ್ಣುವುದು. ಚಿಕ್ಕಮ್ಮ ಆ ಹೊತ್ತಿಗೆ ಬಂದು ಅತ್ತೆಯನ್ನು ಮಲಗಿಸಲು ಒಪ್ಪಿದರು. ಮತ್ತು, ಕೇಳಿದರೆ ನಿಜ ಹೇಳುವುದು.

ಮೊದಲ ದಿನ ನಾಲ್ಕು ಗಂಟೆಗೆ ಅವಳು ಬಂದಾಗ ಅತ್ತೆ ಕೇಳಿದರು, "ನಾನು ಜೊಹರ್ ಮಾಡಿದ್ನಾ?"

"ಇಲ್ಲ ಅತ್ತೆ. ನೀವು ಮಲಗಿದ್ರಿ. ನಿಮಗೆ ಕಾಯಿಲೆ ಅಲ್ವಾ, ನಮಾಜಿನ ಭಾರಾನ ಅಲ್ಲಾ ನಿಮ್ಮ ಮೇಲಿಂದ ಎತ್ತಿಬಿಟ್ಟಿದ್ದಾನಂತೆ. ಇಮಾಮರು ಪುಸ್ತಕ ನೋಡಿ ಹೇಳಿದ್ರು."

ಇದು ಸಿಹಿ ಸುದ್ದಿಯಾಗಬಹುದು ಎಂದುಕೊಂಡಿದ್ದಳು. ಅತ್ತೆಯ ಮುಖ ಚಿಕ್ಕದಾಯಿತು.

"ಎತ್ತಿಬಿಟ್ನಾ? ಯಾಕೆ? ನಾನೇನು ತಪ್ಪು ಮಾಡಿದೆ?"

"ತಪ್ಪೇನಿಲ್ಲ ಅತ್ತೆ. ರಜೆ ಕೊಟ್ಟ ಹಾಗೆ."

"ಕೇಳ್ದೇನೇ ರಜೆ ಕೊಡ್ತಾರಾ? ಬೇಡ ಅನ್ನಿಸಿದವರಿಗೆ ತಾನೇ ಹಾಗೆ ಕೊಡೋದು?"

ಸೊಸೆ ಅವರ ಕೈ ಹಿಡಿದು ಎಬ್ಬಿಸಿದಳು. ಅಸರಿಗೆ ವುಜೂ ಮಾಡಿಸಿ, ಎಣಿಸಿಕೊಟ್ಟು, ಸಲಾಂ ಹೇಳಿಸಿದಳು. ಅಷ್ಟರಲ್ಲಿ ಅತ್ತೆ ಆ ನೋವನ್ನು ಮರೆತಿದ್ದರು.

ಮರೆತಿದ್ದರಿಂದ ಮಾರನೆಯ ದಿನ ಅದನ್ನು ಮೊದಲಿಂದ ಹೇಳಬೇಕಾಯಿತು. ಅದರ ಮಾರನೆಯ ದಿನವೂ. ಸುಳ್ಳಿಗೆ ಒಂದು ಮಾತು ಸಾಕಿತ್ತು. ನಿಜವನ್ನು ಪ್ರತಿದಿನ ಹೊಸದಾಗಿ ಹೇಳಬೇಕು, ಪ್ರತಿದಿನ ಆ ಮುಖ ಹೊಸದಾಗಿ ಚಿಕ್ಕದಾಗುವುದನ್ನು ನೋಡಬೇಕು. ರಜೆ ಎಂದಳು, ದಯೆ ಎಂದಳು, ವಯಸ್ಸಾದವರಿಗೆ ಗೌರವ ಎಂದಳು. ಯಾವುದೂ ಹಿಡಿಸಲಿಲ್ಲ. "ನಾನೇನು ತಪ್ಪು ಮಾಡಿದೆ?" ಎಂಬುದು ಮಾತ್ರ ತಪ್ಪುತ್ತಿರಲಿಲ್ಲ.

ಒಂದು ದಿನ ಲಾಂಡ್ರಿಯ ಒಂದು ಉರುಳೆ ಕೆಟ್ಟು, ಎಲ್ಲ ಬಟ್ಟೆಯೂ ಇನ್ನೊಂದರ ಮೇಲೆ ಬಿದ್ದಿತ್ತು. ಬಿಡುವೇ ಸಿಗಲಿಲ್ಲ, ಉದ್ದಕ್ಕ ಒಬ್ಬಳೇ ಮೂಲೆ ಹಿಡಿದುಕೊಂಡ ಐದು ನಿಮಿಷದಲ್ಲಿ ಸೊಸೆ ತನ್ನ ಜೊಹರ್ ಮುಗಿಸಿ ಮತ್ತೆ ಉರುಳೆಯ ಕಡೆ ಓಡಿದ್ದಳು. ಸೊಸೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಒಳಗೆ ಕೂತುಬಿಟ್ಟಳು. ಅಂಗೈ ಕೆಂಪಾಗಿತ್ತು. ಅತ್ತೆ ಕೇಳಿದರು. ಅವಳು ಇಲ್ಲ ಎಂದಳು.

"ಯಾಕೆ? ನಾನೇನು..."

"ನೀವೇನೂ ಮಾಡಿಲ್ಲ ಅತ್ತೆ," ಎಂದಳು ಸೊಸೆ. ಅಂದು ದಯೆ, ರಜೆ, ಪುಸ್ತಕ ಯಾವುದನ್ನೂ ಹುಡುಕಿ ತರುವ ತ್ರಾಣವಿರಲಿಲ್ಲ. "ನಾನು ಬರ್ಲಿಲ್ಲ. ಎಣಿಸಿಕೊಡೋದು ನಾನು. ಮಧ್ಯಾಹ್ನ ನನ್ನ ಕೈಲಿ ಆಗಲ್ಲ. ನಂಗೆ ಸುಸ್ತು."

ಅತ್ತೆ ಅವಳನ್ನು ನೋಡಿದರು. ಅವಳು ಯಾರೆಂದು ಆ ಕ್ಷಣ ಅವರಿಗೆ ಗೊತ್ತಿತ್ತೋ ಇಲ್ಲವೋ ಹೇಳಲಾಗದು.

"ಸುಸ್ತಾದ್ರೆ ಮಲಗ್ಬೇಕಪ್ಪ," ಎಂದರು, ಬಲು ಸಹಜವಾಗಿ. "ಅದಕ್ಕೇನಂತೆ. ಅವನೇನು ಓಡಿಹೋಗ್ತಾನಾ?"

ಮಂಚದ ಮೇಲೆ ಸರಿದು ಜಾಗ ಮಾಡಿದರು. ಸೊಸೆ ಚಪ್ಪಲಿ ಬಿಟ್ಟು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಸರಿಗೆ ಇನ್ನೂ ಸಮಯವಿತ್ತು.